ಬರೀ ಕೇಳುವ ಕಂಬಗಳು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಜೀವಮಾನವಿಡೀ "ಲೈನಲ್ಲಿರಿ" ಎಂದು ಹೇಳಿದವಳನ್ನು ಬೀದಿಯವರು ಲೈನಕ್ಕ ಎಂದು ಕರೆದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯ ಏನಾದರೂ ಇದ್ದರೆ, ಕೆಲಸ ಮುಗಿದ ಮೇಲೂ ಅವಳು ಲೈನು ಬಿಡಲಿಲ್ಲವಲ್ಲ, ಅದರಲ್ಲಿ. ನಿವೃತ್ತಿಯಾದ ಹೆಂಗಸರು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಸೊಸೆಯ ತಪ್ಪು ಹುಡುಕುತ್ತ ಕೂರುತ್ತಾರೆ ಎಂದು ಲೋಕ ತಿಳಿದಿದೆ. ಲೈನಕ್ಕ ಮದುವೆಯಾದವಳಲ್ಲ, ಹಾಗಾಗಿ ಸೊಸೆಯ ಮಾತೇ ಇಲ್ಲ. ಜೊತೆಗೆ ಇದ್ದವನು ಒಬ್ಬ ತಮ್ಮ, ಹೆಂಡತಿ ತೀರಿಕೊಂಡ ದರ್ಜಿ. ಅವನ ತಪ್ಪು ಹುಡುಕಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಉಳಿದ ಹೊತ್ತಿಗೆಲ್ಲ ಅವಳಿಗೆ ಹ್ಯಾಮ್ ರೇಡಿಯೋ ಇತ್ತು, ಮನೆಯಲ್ಲೇ ಕೂತು ದೂರದೂರದವರ ಜೊತೆ ಗಾಳಿಯಲ್ಲಿ ಮಾತಾಡುವ ಹವ್ಯಾಸ.

ಆ ಹುಚ್ಚು ಹತ್ತಿದ್ದು ಎಕ್ಸ್‌ಚೇಂಜಿನಲ್ಲಿ ಇರುವಾಗಲೇ. ಉದ್ದನೆಯ ಕೋಣೆ, ಗೋಡೆಗೆ ತೂತುಗಳ ಹಲಗೆ, ಹಲಗೆಯ ಮುಂದೆ ಎತ್ತರದ ಸ್ಟೂಲು. ಒಂದು ತೂತಿನ ವಯರನ್ನು ಇನ್ನೊಂದು ತೂತಿಗೆ ಚುಚ್ಚಿ ಎಲ್ಲೆಲ್ಲಿಯೋ ಇರುವ ಇಬ್ಬರನ್ನು ಮಾತಿಗೆ ಕೂಡಿಸಿ, ಕೂಡಿದ ಮೇಲೆ ಅಲ್ಲಿಂದ ತಾನು ಎದ್ದು ಬರಬೇಕಾದ ಕೆಲಸ ಅದು. ಒಂದು ದಿನ ಹಲಗೆಯ ಜಾಗಕ್ಕೆ ಕಪಾಟಿನಂಥ ಒಂದು ಯಂತ್ರ ಬಂತು, ಲೈನಕ್ಕನನ್ನು ದೂರುಗಳ ಮೇಜಿಗೆ ಹಾಕಿದರು. ಅಲ್ಲಿ ದಿನವಿಡೀ ಬೈಗುಳ ಕೇಳಿ ಕೇಳಿ, ಬೈಯದೆ ಮಾತಾಡುವವರು ಎಲ್ಲಾದರೂ ಸಿಕ್ಕಾರೆಯೇ ಎಂದು ಅವಳು ಹ್ಯಾಮ್ ಪರೀಕ್ಷೆ ಕಟ್ಟಿ ಪಾಸು ಮಾಡಿದಳು. ಮಾತಾಡಿ ಮಾತಾಡಿ ಬಾಯಿಗೆ ಸಾಕಾಗಿತ್ತು, ಹಾಗಾಗಿ ಬೆರಳಿನಲ್ಲಿ ಬಡಿಯುವ ಚುಕ್ಕೆ-ಗೆರೆಯ ಭಾಷೆಯನ್ನೇ ಆರಿಸಿಕೊಂಡಳು. ಒಂದು ಕಟ್ಟು ಚುಕ್ಕೆ, ಒಂದು ಕಟ್ಟು ಗೆರೆ, ಪೀ ಪೀ ಎಂದು ಸದ್ದು. ಅದರಲ್ಲೇ ಎಲ್ಲ ಮಾತೂ ಆಗಬೇಕು. ತಮ್ಮನ ಪ್ರಕಾರ ಅದು ಹಲ್ಲಿ ಲೊಚಗುಟ್ಟಿದ ಹಾಗೆ ಕೇಳುತ್ತಿತ್ತು.

ಆ ಲೋಕದಲ್ಲಿ ಅವಳಿಗೆ ಸಿಕ್ಕವರು ದ್ವೀಪದ ಮೇಷ್ಟ್ರು. ಸಮುದ್ರದ ಆಚೆ ಒಂದು ದ್ವೀಪದ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೊದಲ ದಿನವೇ ಅವಳ ಕೈ ಓಡುವ ರಭಸಕ್ಕೆ, ಅಕ್ಷರಗಳ ನಡುವೆ ಉಸಿರಾಡಲು ಜಾಗ ಬಿಡಿ ತಾಯಿ ಎಂದು ತಿದ್ದಿದರು. ಲೈನಕ್ಕನನ್ನು ತಿದ್ದಿ ಬದುಕಿ ಉಳಿದವರು ಅವರೊಬ್ಬರೇ. ಅಂದಿನಿಂದ ಪ್ರತಿ ಭಾನುವಾರ ಮುಸ್ಸಂಜೆ ಇಬ್ಬರೂ ತಮ್ಮ ತಮ್ಮ ರೇಡಿಯೋ ಮುಂದೆ ಕೂರುವುದು ರೂಢಿಯಾಯಿತು. ಮುಖ ನೋಡಿದ್ದಿಲ್ಲ, ಫೋಟೋ ಕೇಳಿದ್ದಿಲ್ಲ. ಮಾತಾದರೂ ಏನು ಮಹಾ? ನೀರಿನ ತೊಟ್ಟಿ ಸೋರಿದ್ದು, ಮೇಷ್ಟ್ರ ಕನ್ನಡಕ ಕಳೆದು ಹಣೆಯ ಮೇಲೇ ಸಿಕ್ಕಿದ್ದು, ತಮ್ಮನ ಅಂಗಡಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟ ಗಿರಾಕಿ ಕೋಟು ಬಿಗಿಯಾಯಿತೆಂದು ಜಗಳಕ್ಕೆ ಬಂದದ್ದು. ತಮ್ಮನ ಅಂಗಡಿಯ ಕಥೆ ಎಂದರೆ ಮೇಷ್ಟ್ರಿಗೆ ಬಲು ಇಷ್ಟ, ಕೇಳದೆ ಬಿಡುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿದರೆಂದರೆ ಆಮೇಲೆ ತುಂಬ ಹೊತ್ತು ಸುಮ್ಮನಿರುತ್ತಿದ್ದರು, ಹಿಂದಿನ ಬೆಂಚಿನ ಹುಡುಗ ಯೋಚಿಸಿ ಹೇಳಲಿ ಎಂದು ಕಾಯುವ ಮೇಷ್ಟ್ರ ಅಭ್ಯಾಸ ಅದು. ಗಡಿಬಿಡಿಯ ಲೈನಕ್ಕ ಆ ಮೌನಕ್ಕೆ ಮೊದಮೊದಲು ಚಡಪಡಿಸಿ, ಆಮೇಲಾಮೇಲೆ ಅದಕ್ಕೆ ಒಗ್ಗಿಕೊಂಡಳು.

ತೊಂದರೆ ಎರಡೂ ಕಡೆಯಿಂದ ಒಟ್ಟಿಗೆ ಬಂತು. ಇತ್ತ ಬೀದಿಯಲ್ಲಿ ಹೊಸ ಬಗೆಯ ದೀಪಗಳು, ಚಾರ್ಜರುಗಳು, ಬ್ಯಾಟರಿ ಪೆಟ್ಟಿಗೆಗಳು ಮನೆಮನೆಗೆ ಬಂದವು. ಕಣ್ಣಿಗೆ ಅವೆಲ್ಲ ಸಾಧು, ರೇಡಿಯೋಕ್ಕೆ ಮಾತ್ರ ರಾಕ್ಷಸರು. ಲೈನಕ್ಕನ ತಾರಸಿಯ ಮೇಲಿನ ಉದ್ದನೆಯ ತಂತಿ ಕೂಗುವುದಕ್ಕೆ ಚೆನ್ನಾಗಿಯೇ ಇತ್ತು. ಕೇಳುವುದಕ್ಕೆ ಕೂತರೆ ಆ ದೀಪಗಳ ಕರಕರವನ್ನೆಲ್ಲ ಬಾಚಿ ಅವಳ ಕಿವಿಗೆ ಸುರಿಯುತ್ತಿತ್ತು. ಅತ್ತ ಮೇಷ್ಟ್ರಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು, ಬಾಯಿ ತೊದಲತೊಡಗಿತು. ಅದೇ ಸುಮಾರಿಗೆ ಗಾಳಿಗೆ ಅವರ ರೇಡಿಯೋ ತಂತಿಯ ಎತ್ತರದ ಕಂಬ ಮುರಿದು ಬಿತ್ತು, ಎತ್ತಿ ನಿಲ್ಲಿಸುವ ಕಸುವು ಅವರಿಗೆ ಇರಲಿಲ್ಲ. ಕಿಟಕಿಯಿಂದ ಬಟ್ಟೆ ಒಣಗಿಸುವ ಗೂಟದವರೆಗೆ ಒಂದು ತಂತಿ ಎಳೆದು ಅದರಲ್ಲೇ ಬಡಿಯತೊಡಗಿದರು. ಅವರ ಧ್ವನಿ ಇಷ್ಟಾಯಿತು, ಇಲ್ಲಿಯ ಗದ್ದಲ ಅಷ್ಟಾಯಿತು. ಲೈನಕ್ಕನಿಗೆ ಮೇಷ್ಟ್ರು ಕೇಳಿಸುವುದು ನಿಂತೇಹೋಯಿತು.

ಫೋನ್ ಮಾಡಬಹುದಿತ್ತಲ್ಲ ಎಂದರೆ, ತೊದಲುವ ಬಾಯಿಯನ್ನು ಯಾರ ಮುಂದೆಯೂ ತೆರೆಯುವುದಿಲ್ಲ ಎಂದು ಮೇಷ್ಟ್ರು ಹಟ ಹಿಡಿದಿದ್ದರು. ಇದನ್ನು ತಿಳಿಸಿದವಳು ಅವರ ಮಗಳು. ಅವಳೇ ಫೋನ್ ಮಾಡಿ ತಂದೆಯ ಸಮಾಚಾರ ಹೇಳಿ, ಬಾಯಿ ಹೋದರೂ ಕೈ ಹೋಗಿಲ್ಲ, ಭಾನುವಾರ ರೇಡಿಯೋ ಮುಂದೆ ಕೂರುವುದೊಂದೇ ಈಗ ಅವರಿಗಿರುವ ಖುಷಿ, ನಿಮ್ಮ ಧ್ವನಿ ತುಂಬಾ ಚೆನ್ನಾಗಿ ಕೇಳಿಸುತ್ತದಂತೆ ಎಂದಳು. ಈ ಮಾತು ಕೇಳಿದ ಮೇಲೆ ಲೈನಕ್ಕ ತನ್ನ ಜನ್ಮದಲ್ಲಿ ಮಾಡದ ಒಂದು ಕೆಲಸಕ್ಕೆ ಇಳಿದಳು. ಸುಳ್ಳು ಹೇಳತೊಡಗಿದಳು.

ಹ್ಯಾಮ್‌ಗಳಲ್ಲಿ ಒಂದು ಪದ್ಧತಿ ಉಂಟು. ಎದುರಿನವರು ಹೇಗೆ ಕೇಳಿಸುತ್ತಿದ್ದಾರೆ ಎಂದು ಮೂರು ಅಂಕಿಯಲ್ಲಿ ಹೇಳಬೇಕು: ಎಷ್ಟು ಸ್ಪಷ್ಟ, ಎಷ್ಟು ಜೋರು, ಎಷ್ಟು ಶುದ್ಧ. ಐದು-ಒಂಬತ್ತು-ಒಂಬತ್ತು ಎಂದರೆ ಅದಕ್ಕಿಂತ ಮೇಲಿಲ್ಲ. ಈಗ ಎಲ್ಲರೂ ಎಲ್ಲರಿಗೂ ಅದನ್ನೇ ಕೊಡುತ್ತಾರೆ. ಉಂಡ ಮನೆಯಲ್ಲಿ ಅಡುಗೆ ಹೇಗಿತ್ತು ಎಂದರೆ ಚೆನ್ನಾಗಿತ್ತು ಅನ್ನುವುದಿಲ್ಲವೇ, ಹಾಗೆ. "ಹೆಸರು ಇನ್ನೊಂದ್ಸಲ ಹೇಳಿ, ಕೇಳಿಸ್ತಾ ಇಲ್ಲ, ಐದು-ಒಂಬತ್ತು-ಒಂಬತ್ತು" ಅನ್ನುವ ಮಹಾನುಭಾವರೂ ಇದ್ದಾರೆ. ಲೈನಕ್ಕನಿಗೆ ಈ ಪದ್ಧತಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು, ಇದ್ದುದನ್ನು ಇದ್ದ ಹಾಗೆ ಹೇಳಿ ಎಷ್ಟೋ ಜನರ ಸ್ನೇಹ ಕಳೆದುಕೊಂಡಿದ್ದಳು. ಅಂಥವಳು ಈಗ ಪ್ರತಿ ಭಾನುವಾರ, ಕರಕರದ ನಡುವೆ ಎಲ್ಲೋ ಒಂದು ಪೀ ಎಂದಿತೋ ಇಲ್ಲವೋ, ಐದು-ಒಂಬತ್ತು-ಒಂಬತ್ತು ಎಂದು ಬಡಿಯುತ್ತಿದ್ದಳು. ಎಲ್ಲಾ ಕೇಳಿಸಿತು ಅನ್ನುತ್ತಿದ್ದಳು, ಹೌದು ಹೌದು ಅನ್ನುತ್ತಿದ್ದಳು. ಕೇಳಿಸುತ್ತಿಲ್ಲ ಎಂದುಬಿಟ್ಟರೆ ಮೇಷ್ಟ್ರು ಕೂರುವುದನ್ನೇ ಬಿಟ್ಟುಬಿಟ್ಟಾರು ಎಂಬ ಹೆದರಿಕೆ ಅವಳಿಗೆ.

ಆ ತಿಂಗಳುಗಳಲ್ಲೇ ತಮ್ಮ ಅಂಗಡಿ ಮುಚ್ಚಿದ. ಜನ ಸಿದ್ಧ ಉಡುಪು ಕೊಳ್ಳುತ್ತಾರೆ, ಅಳತೆ ಕೊಡಲು ನಿಲ್ಲುವ ಪುರುಸೊತ್ತು ಯಾರಿಗೂ ಇಲ್ಲ. ಹೊಲಿಗೆ ಯಂತ್ರವನ್ನು ಮನೆಗೆ ತಂದು ಹಜಾರದ ಮೂಲೆಯಲ್ಲಿ ಇಟ್ಟು ಅದರ ಮೇಲೊಂದು ಬೆಡ್‌ಶೀಟ್ ಹೊದಿಸಿದ. ಆ ಭಾನುವಾರ ಲೈನಕ್ಕ ಈ ಸುದ್ದಿಯನ್ನು ಮೇಷ್ಟ್ರಿಗೆ ಬಡಿದು ಹೇಳಿದಳು. ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳಲು ಅವಳಿಗೆ ಸಂಕಟವಾಗುತ್ತಿತ್ತು. ಹೇಳಿ ಮುಗಿಸಿದ ಮೇಲೆ ಗದ್ದಲದ ಒಳಗೆ ಒಂದಿಷ್ಟು ಹೊತ್ತು ಏನೋ ಅಲುಗಿದಂತಾಯಿತು. ಒಂದಕ್ಷರವೂ ಬಿಡಿಸಿ ತಿಳಿಯಲಿಲ್ಲ. ಮೇಷ್ಟ್ರು ಸಮಾಧಾನ ಹೇಳುತ್ತಿದ್ದಾರೆ ಎಂದು ಅವಳು ಅಂದುಕೊಂಡಳು, ಆ ರಾತ್ರಿ ಅಷ್ಟರಿಂದಲೇ ಅವಳಿಗೆ ನಿದ್ದೆ ಬಂತು.

ಮತ್ತೆ ಮಗಳ ಫೋನು ಬಂತು. ತಂದೆಯನ್ನು ಒಬ್ಬರನ್ನೇ ಬಿಡಲು ಆಗುವುದಿಲ್ಲ, ಈ ತಿಂಗಳ ಕೊನೆಗೆ ತನ್ನ ಊರಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ತನ್ನದು ಎತ್ತರದ ಕಟ್ಟಡದಲ್ಲಿ ಸಣ್ಣ ಮನೆ, ತಂತಿ ಕಟ್ಟಲು ಕಟ್ಟಡದವರು ಬಿಡುವುದಿಲ್ಲ ಎಂದಳು. ಅಂದರೆ ರೇಡಿಯೋ ಅಲ್ಲಿಗೆ ಮುಗಿಯಿತು. ಕೈಯಲ್ಲಿ ಕೆಲವೇ ಭಾನುವಾರಗಳು ಉಳಿದವು. ಲೈನಕ್ಕ ಫೋನ್ ಇಟ್ಟು ತಮ್ಮನಿಗೆ ಒಂದೇ ಮಾತು ಹೇಳಿದಳು.

"ಒಂದ್ಸಲ, ಒಂದೇ ಒಂದ್ಸಲ ಅವರು ಹೇಳೋದು ನನಗೆ ಪೂರ್ತಿ ಕೇಳಿಸ್ಬೇಕು ಕಣೋ. ಆಮೇಲೆ ಹೋಗ್ಲಿ."

ಗದ್ದಲವನ್ನು ನಿಲ್ಲಿಸುವ ದಾರಿಯನ್ನು ಅವಳು ಹಿಂದೆಯೇ ಹಿಡಿದು ನೋಡಿ ಕೈ ಸುಟ್ಟುಕೊಂಡಿದ್ದಳು. ಪುಟ್ಟ ರೇಡಿಯೋ ಹಿಡಿದು ಮನೆಮನೆಯ ಗೋಡೆಗೆ ಕಿವಿ ಕೊಡುತ್ತ ಹೋಗಿ, ನಿಮ್ಮ ಮೀನಿನ ತೊಟ್ಟಿಯ ದೀಪ ಕೆಟ್ಟದ್ದು, ನಿಮ್ಮ ಚಾರ್ಜರು ಕಳಪೆ ಎಂದು ಒಬ್ಬೊಬ್ಬರಿಗೂ ತೀರ್ಪು ಕೊಟ್ಟು ಬಂದಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಎಲ್ಲರಿಗಿಂತ ಜೋರಾಗಿ ಒದ್ದವನು ಹಿಂದಿನ ರಸ್ತೆಯ ಟೈರಪ್ಪ, ಹಳೇ ಟೈರುಗಳ ವ್ಯಾಪಾರಿ. ಅವನ ಅಂಗಡಿಯ ಮಿನುಗುವ ಬೋರ್ಡು ಇಡೀ ಬೀದಿಗೆ ಮಾರಿ ಎಂದು ಲೈನಕ್ಕ ಅಂದಿದ್ದಳು. ಮಾರಿ ಬೋರ್ಡಲ್ಲ, ರೇಡಿಯೋ ಹಿಡಿದುಕೊಂಡು ಬಂದಿದೆ ಎಂದು ಅವನು ಗಿರಾಕಿಗಳ ಮುಂದೆಯೇ ಅಂದಿದ್ದ. ಅಂದಿನಿಂದ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು.

ಇನ್ನು ಉಳಿದ ದಾರಿ ಒಂದೇ. ಕೂಗುವ ತಂತಿ ಬೇರೆ, ಕೇಳುವ ತಂತಿ ಬೇರೆ ಮಾಡಬೇಕು. ಮನೆಗಳಿಂದ ದೂರ, ಒಂದು ಚೌಕದ ನಾಲ್ಕು ಮೂಲೆಗೆ ನಾಲ್ಕು ಗಿಡ್ಡ ಕಂಬ. ನಾಲ್ಕೂ ತಮಗೆ ಕೇಳಿಸಿದ್ದನ್ನು ಕೇಬಲ್ಲಿನಲ್ಲಿ ತಂದು ಒಂದು ಪೆಟ್ಟಿಗೆಗೆ ಒಪ್ಪಿಸುತ್ತವೆ. ಪೆಟ್ಟಿಗೆ ಅವನ್ನು ಲೆಕ್ಕ ಹಾಕಿ ಕೂಡಿಸಿ, ಬೇಕಾದ ದಿಕ್ಕಿನದನ್ನು ಉಳಿಸಿ ಬೆನ್ನ ಹಿಂದಿನದನ್ನು ಹೊಡೆದುಹಾಕುತ್ತದೆ. ದ್ವೀಪ ಪಡುವಣಕ್ಕೆ, ಬೀದಿ ಮೂಡಣಕ್ಕೆ. ಮೇಷ್ಟ್ರಿಗೆ ಕಿವಿ ಕೊಟ್ಟು ಬೀದಿಗೆ ಬೆನ್ನು ಮಾಡಿ ಕೂರುವ ವಿದ್ಯೆ ಇದು. ಸಾಮಾನೆಲ್ಲ ಅವಳ ಹತ್ತಿರ ಕೂಡಿಟ್ಟದ್ದೇ ಇತ್ತು. ಇಲ್ಲದ್ದು ಜಾಗ ಒಂದೇ, ಆ ಜಾಗ ಇದ್ದದ್ದು ಅವಳ ಹಿತ್ತಿಲ ಗೋಡೆಯ ಆಚೆ, ಟೈರಪ್ಪನ ಬಯಲಿನಲ್ಲಿ.

ಲೈನಕ್ಕ ಒಳ್ಳೆಯ ಸೀರೆ ಉಟ್ಟು ಟೈರಪ್ಪನ ಅಂಗಡಿಗೆ ಹೋದಳು. ಅವನು ಒಂದು ಲಾರಿ ಟೈರನ್ನು ಉರುಳಿಸುತ್ತಿದ್ದವನು ಅದನ್ನು ಅಡ್ಡ ಹಿಡಿದೇ ನಿಂತ, ಇವತ್ತು ಯಾವ ದೀಪ ಆರಿಸಬೇಕು ಎಂದು ಕೇಳಿದ. ಯಾವುದೂ ಬೇಡ ಎಂದಳು. ಆಮೇಲೆ, ಗಂಟಲಲ್ಲಿ ಕಡುಬು ಸಿಕ್ಕಿಕೊಂಡವಳ ಹಾಗೆ ನಿಂತು ನಿಂತು, ಬಂದ ಕೆಲಸ ಹೇಳಿದಳು. ನಾಲ್ಕು ಕಂಬ ಎಂದ ಕೂಡಲೇ ಟೈರಪ್ಪನಿಗೆ ಹತ್ತು ಅನುಮಾನ. ಸಿಡಿಲು ಎಳೆಯುತ್ತದೆಯೇ, ತಲೆನೋವು ಬರಿಸುತ್ತದೆಯೇ, ಟೈರಿಗೆ ಬೆಂಕಿ ಹತ್ತಿದರೆ ಯಾರು ಗತಿ?

"ಅದು ಏನೂ ಬಿಡಲ್ಲಪ್ಪ," ಎಂದಳು ಲೈನಕ್ಕ. "ಬರೀ ಕೇಳುತ್ತೆ."

"ಬರೀ ಕೇಳೋಕೆ ನಾಲ್ಕು ಕಂಬ ಬೇಕಾ? ನನ್ನ ಹೆಂಡ್ತಿ ಒಳಗೆ ಕೂತ್ಕೊಂಡೇ ಇಡೀ ಬೀದೀದು ಕೇಳ್ತಾಳೆ."

ಲೈನಕ್ಕನಿಗೆ ನಗು ಬಂತು, ಅದನ್ನು ಕಂಡು ಅವನಿಗೂ ಬಂತು. ನಕ್ಕ ಮೇಲೆ ಇಲ್ಲ ಅನ್ನುವುದು ಕಷ್ಟ. ಗಾಡಿ ಬರುವ ದಾರಿ ಬಿಟ್ಟು ಎಲ್ಲಿ ಬೇಕಾದರೂ ನೆಟ್ಟುಕೊಳ್ಳಿ ಎಂದ. ಅವಳು ಅವನ ಬೋರ್ಡಿನ ಬಗ್ಗೆ ಒಂದು ಮಾತೂ ಆಡದೆ ಮನೆಗೆ ಬಂದದ್ದು ಅವಳ ಮಟ್ಟಿಗೆ ದೊಡ್ಡ ತಪಸ್ಸು.

ಕೆಲಸಕ್ಕೆ ತಮ್ಮ ಜೊತೆಯಾದ. ಅಂಗಡಿ ಮುಚ್ಚಿದ ಮೇಲೆ ಅವನು ಹೀಗೆ ಬೆಳಿಗ್ಗೆ ಎದ್ದು ಅಂಗಿ ತೊಟ್ಟು ಹೊರಟದ್ದು ಅದೇ ಮೊದಲು. ಟೇಪು ಕೊರಳಿಗೆ ಹಾಕಿಕೊಂಡೇ ಬಂದ. ಚೌಕದ ಬದಿಗಳನ್ನು ಅಳೆದ, ಮೂಲೆಯಿಂದ ಮೂಲೆಗೆ ಅಡ್ಡ ಅಳೆದು ಚೌಕ ಸೊಟ್ಟಗಾಗಿಲ್ಲ ಎಂದು ನೋಡಿದ, ಗುರುತಿಗೆ ಹೊಲಿಗೆಯ ಸೀಮೆಸುಣ್ಣವನ್ನೇ ಬಳಸಿದ. ಟೈರಿನ ಗುಡ್ಡೆಗಳ ನಡುವೆ ಗುಂಡಿ ತೋಡಿ, ಪ್ಲಾಸ್ಟಿಕ್ ಪೈಪು ಹುಗಿದು, ಅದರೊಳಗೆ ಅಲ್ಯೂಮಿನಿಯಂ ಕೊಳವೆ ನಿಲ್ಲಿಸಿದರು. ತಲೆಯಿಂದ ನಾಲ್ಕು ತಂತಿ ಇಳಿಬಿಟ್ಟು ಹಗ್ಗದಲ್ಲಿ ಗೂಟಕ್ಕೆ ಬಿಗಿದರು. ಬುಡಕ್ಕೊಂದು ಸದ್ದು ಹಿಗ್ಗಿಸುವ ಅಂಗೈಯಗಲದ ಡಬ್ಬಿ ಕೂರಿಸಿ ಮಳೆ ಹೋಗದ ಹಾಗೆ ಅಂಟು ಪಟ್ಟಿ ಸುತ್ತಿದರು. ಲೈನಕ್ಕ ಕೇಬಲ್ಲಿನ ತುದಿಗೆ ಪ್ಲಗ್ಗು ಬೆಸೆಯುವುದನ್ನು ತಮ್ಮ ಎರಡು ಸಲ ನೋಡಿದ, ಮೂರನೆಯದನ್ನು ತಾನೇ ಬೆಸೆದ. ಸೂಜಿ ಹಿಡಿದ ಕೈ, ಅವಳದಕ್ಕಿಂತ ಅಚ್ಚುಕಟ್ಟಾಗಿ ಬಂತು. ಅವಳು ಹಾಗಂತ ಬಾಯಿಬಿಟ್ಟು ಹೇಳಲಿಲ್ಲ, ನಾಲ್ಕನೆಯದನ್ನೂ ಅವನ ಕೈಗೇ ಕೊಟ್ಟಳು.

ಪೆಟ್ಟಿಗೆಯನ್ನು ಹಿತ್ತಿಲ ಗೋಡೆಗೆ ಕೂರಿಸಿದರು. ಅಲ್ಲಿಂದ ಒಂದು ಕಂಬ ಕೈಗೆಟಕುವಷ್ಟು ಹತ್ತಿರ, ಮಿಕ್ಕವು ಬಯಲಿನ ಆಚೆ ತುದಿಗೆ. ಆದರೂ ನಾಲ್ಕು ಕೇಬಲ್ಲುಗಳೂ ಒಂದೇ ಉದ್ದ ಇರಬೇಕು. ದೂರದ ಕಂಬಕ್ಕೆ ಎಷ್ಟೋ ಹತ್ತಿರದ ಕಂಬಕ್ಕೂ ಅಷ್ಟೇ, ಯಾಕೆಂದರೆ ನಾಲ್ಕರ ಸದ್ದೂ ಪೆಟ್ಟಿಗೆಗೆ ಜೊತೆಜೊತೆಗೆ ಬಂದು ಸೇರಬೇಕು. ಹತ್ತಿರದ್ದರಲ್ಲಿ ಮಿಕ್ಕ ಕೇಬಲ್ಲನ್ನು ಲೈನಕ್ಕ ದೊಡ್ಡ ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದಳು. ಯಾಕೆ ಎಂದು ತಮ್ಮನಿಗೆ ವಿವರಿಸಲಿಲ್ಲ. ಅವಳು ಯಾವುದನ್ನೂ ವಿವರಿಸುವ ಪೈಕಿ ಅಲ್ಲ, ಹೇಳಿದ್ದನ್ನು ಮಾಡು ಅನ್ನುವವಳು.

ಭಾನುವಾರ ಮುಸ್ಸಂಜೆ ಹೆಡ್‌ಫೋನು ಹಾಕಿಕೊಂಡು ಕೂತಳು. ಮೇಜಿನ ಮೇಲಿನ ದಿಕ್ಕಿನ ಗುಂಡಿಯನ್ನು ಪಡುವಣಕ್ಕೆ ತಿರುಗಿಸಿದರೆ ಕರಕರ, ಮೂಡಣಕ್ಕೆ ತಿರುಗಿಸಿದರೂ ಕರಕರ. ಮೊದಲಿಗಿಂತ ಒಂದು ಕೈ ಮೇಲೇ ಎನ್ನಿ. ಮೇಷ್ಟ್ರ ಹೊತ್ತು ಶುರುವಾಗಿ ಮೇಷ್ಟ್ರ ಹೊತ್ತು ಮುಗಿಯಿತು. ಅವಳು ಎಂದಿನಂತೆ ಐದು-ಒಂಬತ್ತು-ಒಂಬತ್ತು ಬಡಿದು, ಹೌದು ಹೌದು ಎಂದು, ಹೆಡ್‌ಫೋನನ್ನು ಮೇಜಿನ ಮೇಲೆ ಎಸೆದಳು. ಆ ತಿಂಗಳಲ್ಲಿ ಇನ್ನು ಒಂದೇ ಭಾನುವಾರ ಇತ್ತು.

ಬೆಳಿಗ್ಗೆ ಎದ್ದು ಒಂದೊಂದೇ ಕಂಬ, ಒಂದೊಂದೇ ಡಬ್ಬಿ ನೋಡುತ್ತ ಬಂದಳು. ಎಲ್ಲ ಸರಿಯಾಗಿತ್ತು. ಕೊನೆಗೆ ಪೆಟ್ಟಿಗೆಯ ಹತ್ತಿರ ಬಂದು ನೋಡುತ್ತಾಳೆ, ಗೋಡೆಯ ಮೊಳೆ ಖಾಲಿ. ಹತ್ತಿರದ ಕಂಬದಿಂದ ಕೇಬಲ್ಲು ಅಂಗಿಯ ಹೊಲಿಗೆಯ ಹಾಗೆ ನೆಟ್ಟಗೆ ಬಂದು ಪೆಟ್ಟಿಗೆ ಸೇರಿತ್ತು. ತಮ್ಮನನ್ನು ಕರೆದು ಸುರುಳಿ ಎಲ್ಲಿ ಎಂದು ಕೇಳಿದಳು. ಅವನ ಮುಖದಲ್ಲಿ ಅಳುಕೇ ಇಲ್ಲ, ಅದರ ಬದಲು ಹೆಮ್ಮೆ. ಸುಮ್ಮನೆ ಜೋತಾಡುತ್ತಿತ್ತು, ಅಸಹ್ಯವಾಗಿ ಕಾಣುತ್ತಿತ್ತು, ಶನಿವಾರವೇ ಕತ್ತರಿಸಿ ಹೊಸ ಪ್ಲಗ್ಗು ಬೆಸೆದೆ, ಬೆಸೆದದ್ದು ಗೊತ್ತೇ ಆಗುವುದಿಲ್ಲ ನೋಡು ಎಂದ.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎಂದು ಸುಮ್ಮನೆ ಗಾದೆ ಮಾಡಿಲ್ಲ ಹಿರಿಯರು. ಲೈನಕ್ಕ ಗಾದೆ ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಿಟ್ಟಿನಲ್ಲಿ ಅವಳ ನಾಲಿಗೆಗೆ ಎಲುಬಿರಲಿಲ್ಲ.

"ಅಂಗಡಿ ಮುಚ್ಚಿದ್ರೂ ನಿನ್ನ ಕತ್ತರಿ ಮುಚ್ಚಲಿಲ್ವಲ್ಲೋ."

ಅಂಗಡಿಯ ವಿಷಯ ಇಬ್ಬರ ನಡುವೆ ಬಂದದ್ದು ಅದೇ ಮೊದಲು, ಬಂದದ್ದು ಹೀಗೆ. ತಮ್ಮ ಒಳಗೆ ಹೋದ. ಹೇಳಿದ ಮಾತನ್ನು ಮರಳಿ ನುಂಗಿಕೊಳ್ಳಲು ಆಗದೆ ಲೈನಕ್ಕ ಖಾಲಿ ಮೊಳೆಯನ್ನೇ ನೋಡುತ್ತ ನಿಂತಳು, ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಸ್ವಲ್ಪ ಹೊತ್ತಿಗೆ ತಮ್ಮ ವಾಪಸು ಬಂದ. ಕೈಯಲ್ಲಿ ಕತ್ತರಿಸಿದ ಕೇಬಲ್ಲು ಇತ್ತು, ದಾರದಲ್ಲಿ ಮೂರು ಕಡೆ ಕಟ್ಟಿ ಮಡಿಸಿಟ್ಟದ್ದು, ಒಂದಿಂಚೂ ಹಾಳಾಗಿರಲಿಲ್ಲ. ಮಿಕ್ಕ ಬಟ್ಟೆಯನ್ನು ವಾಪಸು ಕೊಟ್ಟ ದರ್ಜಿಯನ್ನು ಲೋಕ ಇದುವರೆಗೆ ಕಂಡಿಲ್ಲ. ಅವನಂತೂ ತನ್ನ ಕಸುಬಿನ ಮರ್ಯಾದೆ ಬಿಟ್ಟು ಆ ತುಂಡನ್ನು ಅಕ್ಕನ ಕೈಗೆ ಕೊಟ್ಟ. ಇಬ್ಬರೂ ಕೂತು ಅದನ್ನು ಮತ್ತೆ ಜೋಡಿಸಿದರು. ಬೆಸುಗೆಯನ್ನು ಅವನೇ ಹಾಕಿದ. ಅವಳು ಕ್ಷಮೆ ಕೇಳಲಿಲ್ಲ, ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ನಾಲ್ಕೂ ಕೇಬಲ್ಲು ಯಾಕೆ ಸಮ ಇರಬೇಕು ಎಂಬುದನ್ನು ಮಾತ್ರ ಮೊದಲಿಂದ ಕೊನೆಯವರೆಗೆ ಬಿಡಿಸಿ ವಿವರಿಸಿದಳು, ಅವನು ತಲೆಯಾಡಿಸುತ್ತ ಕೇಳಿದ.

ಕೊನೆಯ ಭಾನುವಾರ ಬಂತು. ಮಗಳು ಸಾಮಾನು ಕಟ್ಟಲು ದ್ವೀಪಕ್ಕೆ ಬಂದಿದ್ದಾಳೆ, ತಂದೆಯ ಪಕ್ಕದಲ್ಲೇ ಇರುತ್ತಾಳೆ ಎಂದು ತಿಳಿದಿತ್ತು. ಮುಸ್ಸಂಜೆ ಲೈನಕ್ಕ ರೇಡಿಯೋ ಹಾಕಿ, ತಮ್ಮನಿಗೂ ಕೇಳಿಸಲಿ ಎಂದು ಹೆಡ್‌ಫೋನು ಬಿಟ್ಟು ಸ್ಪೀಕರ್ ಹಚ್ಚಿದಳು. ಗುಂಡಿಯನ್ನು ಮೂಡಣಕ್ಕೆ ತಿರುಗಿಸಿದರೆ ಇಡೀ ಬೀದಿ ಕರಕರ ಅಂದಿತು. ಪಡುವಣಕ್ಕೆ ತಿರುಗಿಸಿದಳು. ಕರಕರ ನಿಂತಿತು. ಬಾಗಿಲು ಮುಚ್ಚಿದ ಕೋಣೆಯಷ್ಟು ಸದ್ದಡಗಿತು. ತಮ್ಮ, ಕೆಟ್ಟುಹೋಯಿತಾ ಅಕ್ಕ ಎಂದು ಕೇಳಿದ. ಅವಳು ಕೈ ಎತ್ತಿ ಸುಮ್ಮನಿರಿಸಿದಳು. ಆ ನಿಶ್ಶಬ್ದದೊಳಗಿಂದ ಸಣ್ಣಗೆ, ಸ್ಪಷ್ಟವಾಗಿ, ಅಕ್ಷರಗಳ ನಡುವೆ ಉಸಿರಾಡಲು ಜಾಗ ಬಿಟ್ಟುಕೊಂಡು ಮೇಷ್ಟ್ರು ಬಂದರು.

ಲೈನಕ್ಕ ಪೆನ್ಸಿಲ್ ಹಿಡಿದು ಒಂದೊಂದೇ ಅಕ್ಷರ ಬರೆಯತೊಡಗಿದಳು. ತಮ್ಮ ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. ನಮಸ್ಕಾರ. ನೀವು ಚೆನ್ನಾಗಿ ಕೇಳಿಸುತ್ತಿದ್ದೀರಿ, ಐದು-ಒಂಬತ್ತು-ಒಂಬತ್ತು. ಮನೆ ತುಂಬ ಪೆಟ್ಟಿಗೆಗಳು, ಮಗಳು ನನ್ನ ಪುಸ್ತಕಗಳಿಗೆ ಜಾಗ ಇಲ್ಲ ಎನ್ನುತ್ತಿದ್ದಾಳೆ. ನಿಮ್ಮ ತಮ್ಮನವರ ಅಂಗಡಿ ಹೇಗೆ ನಡೆಯುತ್ತಿದೆ? ಅಲ್ಲಿಗೆ ನಿಲ್ಲಿಸಿ, ಅವರು ಎಂದಿನಂತೆ ಕಾಯುತ್ತ ಸುಮ್ಮನಾದರು.

ಲೈನಕ್ಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅಂಗಡಿ ಮುಚ್ಚಿದ್ದು ಹೇಳಿ ಎಷ್ಟು ಕಾಲವಾಗಿತ್ತು. ಕಾಯಿಲೆಯವರು, ಮರೆತಿರಬೇಕು ಎಂದುಕೊಂಡು ಚುಕ್ಕೆ-ಗೆರೆ ಬಡಿಯುವ ಕೀಲಿಗೆ ಬೆರಳಿಟ್ಟು, ಅಂಗಡಿ ಮುಚ್ಚಿದೆ, ಬೇಸಿಗೆಯಲ್ಲೇ ಮುಚ್ಚಿತು, ತಮ್ಮ ಮನೆಯಲ್ಲಿದ್ದಾನೆ ಎಂದು ಬಡಿದಳು. ಬಡಿದು ಕೈ ತೆಗೆದಳು. ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ಕಾದು ಮುಂದುವರಿಸಿದರು.

ಬಹಳ ಸಂತೋಷ, ಎಂದು ಬಂತು. ಒಳ್ಳೆಯ ಕೆಲಸಗಾರನಿಗೆ ಎಂದೂ ಗಿರಾಕಿ ತಪ್ಪುವುದಿಲ್ಲ.

ಪೆನ್ಸಿಲ್ ಅಲ್ಲಿಗೆ ನಿಂತಿತು. ಎಕ್ಸ್‌ಚೇಂಜಿನಲ್ಲಿ ಲೈನಿನ ಮೇಲೆ ಅನುಮಾನ ಬಂದರೆ ಪರೀಕ್ಷೆ ಮಾಡುವುದು ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು. ಮುಂದಿನ ಬಿಡುವಿನಲ್ಲಿ, ಅಲ್ಲಿ ಮಳೆ ಇದೆಯೇ ಎಂದು ಕೇಳಿದಳು. ಅವರು ಮಳೆಯ ಮಾತೇ ಎತ್ತದೆ ತಮ್ಮ ಹಳೆಯ ಶಿಷ್ಯನೊಬ್ಬನ ಕಥೆ ಹೇಳಿದರು. ಅದಾದ ಮೇಲೆ ಅವರು, ನಿಮ್ಮ ಮಂಡಿ ನೋವು ಹೇಗಿದೆ ಎಂದು ಕೇಳಿದಾಗ, ಅವಳು ಕೀಲಿಯನ್ನು ಮುಟ್ಟಲೇ ಇಲ್ಲ. ಮೇಷ್ಟ್ರು ಅಷ್ಟೇ ಹೊತ್ತು ಕಾದು, ವಾಸಿಯಾಗುತ್ತಿದೆ ಎಂದು ಕೇಳಿ ನೆಮ್ಮದಿಯಾಯಿತು ಎಂದರು.

ಅವರಿಗೆ ಕಿವಿ ಹೋಗಿತ್ತೋ, ಕಿಟಕಿಯ ತಂತಿಗೆ ಅಲ್ಲಿಯ ದೀಪಗಳೇ ಮುತ್ತಿದ್ದವೋ, ಯಾರಿಗೆ ಗೊತ್ತು. ಅವರಿಗೆ ಅವಳು ಕೇಳಿಸುತ್ತಿರಲಿಲ್ಲ, ಎಷ್ಟೋ ತಿಂಗಳಿಂದ ಕೇಳಿಸಿರಲಿಲ್ಲ. ಅವಳು ಇತ್ತ ಹೌದು ಹೌದು ಅನ್ನುತ್ತಿದ್ದಾಗ ಅವರೂ ಅತ್ತ ಕೂತು ಅದನ್ನೇ ಮಾಡುತ್ತಿದ್ದರು. ಲೈನಕ್ಕನ ಕಣ್ಣಲ್ಲಿ ನೀರು ತುಂಬಿತು. ಅವಳು ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಒಂದು ಅಕ್ಷರ ತಪ್ಪಿಹೋಗುತ್ತಿತ್ತು. ಕಾಗದ ನೋಡಿ ತಮ್ಮನಿಗೂ ವಿಷಯ ತಿಳಿದಿತ್ತು. ಏನಾದರೂ ಹೇಳಕ್ಕ ಎಂದು ಅವನು ಮೆಲ್ಲಗೆ ಅಂದಾಗ, ಅವರು ಮಾತಾಡಲಿ ಎಂದಳು. ಶಿಷ್ಯನ ಕಥೆ, ಮುರಿದ ಕಂಬದ ಕಥೆ, ಸಮುದ್ರದ ಕಥೆ ಎಲ್ಲ ಮುಗಿಸಿ, ಇಷ್ಟು ವರ್ಷ ನನ್ನ ಮಾತಿಗೆ ಕಿವಿ ಕೊಟ್ಟಿರಿ, ನಿಮ್ಮಂಥವರು ಸಿಗುವುದಿಲ್ಲ ಎಂದು ಹೇಳಿ ಮೇಷ್ಟ್ರು ಕೊನೆಯ ಚುಕ್ಕೆ ಬಡಿದರು. ಸ್ಪೀಕರ್ ನಿಶ್ಶಬ್ದವಾಯಿತು.

ಸ್ವಲ್ಪ ಹೊತ್ತಿಗೆ ಫೋನ್ ಬಂತು, ಮಗಳು. ಅಪ್ಪ ಪಕ್ಕದಲ್ಲೇ ಕೂತಿದ್ದಾರೆ, ಇಷ್ಟು ಖುಷಿಯಾಗಿ ಅವರನ್ನು ಕಂಡು ಬಹಳ ದಿನ ಆಗಿತ್ತು ಎಂದಳು. ನೀವು ಏನು ಹೇಳಿದಿರಿ ಎಂದು ಅಪ್ಪನನ್ನು ಕೇಳಿದ್ದಳಂತೆ, ಅವರು ಪಾಟಿಯ ಮೇಲೆ ಬರೆದು ತೋರಿಸಿದ್ದರಂತೆ.

"ನಿಮ್ಮ ತಮ್ಮನವರ ಅಂಗಡಿ ತುಂಬಾ ಚೆನ್ನಾಗಿ ನಡೀತಿದೆಯಂತೆ, ಹೌದಾ ಆಂಟಿ?"

ಲೈನಕ್ಕ ತಮ್ಮನ ಮುಖ ನೋಡಿದಳು. ತಮ್ಮ ಅವಳ ಕೈಯಿಂದ ಫೋನು ತೆಗೆದುಕೊಂಡ.

"ಹೌದಮ್ಮ, ಪುರುಸೊತ್ತೇ ಇಲ್ಲ," ಎಂದ. "ಮೇಷ್ಟ್ರದು ಒಂದು ಅಂಗಿ ಅಳತೆ ಕಳ್ಸು, ಅವರದ್ದೇ ಮೊದಲು ಹೊಲಿದುಕೊಡ್ತೀನಿ."